ಬರಿಶ್ನಿಕೋವ್ ಯಾಕೆ ಮತ್ತೆ ಮತ್ತೆ ಮೊದಲಿಂದ ಶುರುಮಾಡಿದರು?

ಬ್ಯಾಲೆ ನರ್ತಕನ ವೃತ್ತಿಗೆ ಆಯಸ್ಸು ಕಡಿಮೆ. ಹತ್ತು-ಹನ್ನೊಂದನೇ ವಯಸ್ಸಿಗೆ ಶಾಲೆ, ಹದಿನೆಂಟರ ಆಸುಪಾಸಿನಲ್ಲಿ ಕಂಪನಿ, ಇಪ್ಪತ್ತೈದರಿಂದ ಮೂವತ್ತೈದರ ನಡುವೆ ದೊಡ್ಡ ಪಾತ್ರಗಳು. ನಲವತ್ತರ ಹೊತ್ತಿಗೆ ಮಂಡಿ, ಸೊಂಟ, ಹಿಮ್ಮಡಿ ಒಂದೊಂದಾಗಿ ಕೈಕೊಡತೊಡಗುತ್ತವೆ. ಸೋವಿಯತ್ ಒಕ್ಕೂಟದಲ್ಲಿ ಇಪ್ಪತ್ತು ವರ್ಷ ರಂಗದ ಮೇಲೆ ಕುಣಿದವರಿಗೆ ಪಿಂಚಣಿ ಸಿಗುತ್ತಿತ್ತು. ಅಂಥ ವೃತ್ತಿಗೆ ಮಿಖಾಯಿಲ್ ಬರಿಶ್ನಿಕೋವ್ 1967ರಲ್ಲಿ ಕಾಲಿಟ್ಟರು. 2015ರಲ್ಲಿ, 67ರ ವಯಸ್ಸಿನಲ್ಲಿ, ಒಂದು ಇಡೀ ರಂಗಪ್ರಯೋಗವನ್ನು ಒಬ್ಬರೇ ಹೊತ್ತು ನಿಂತಿದ್ದರು.

ನಡುವಿನ ಅರ್ಧ ಶತಮಾನವನ್ನು ಜನ ಸಾಮಾನ್ಯವಾಗಿ ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ: ಅದ್ಭುತವಾಗಿ ಹಾರುತ್ತಿದ್ದರು, ರಷ್ಯಾ ಬಿಟ್ಟು ಬಂದರು. ಎರಡೂ ನಿಜವೇ. ಆದರೆ ಅವರ ವೃತ್ತಿಜೀವನದ ಜಾಡು ಸಿಗಬೇಕಾದರೆ ಬೇರೊಂದು ಪ್ರಶ್ನೆಯನ್ನು ಹಿಡಿದು ಹೋಗಬೇಕು ಎಂದು ನಾನು ನಂಬುತ್ತೇನೆ. ಈ ದೇಹ ಕುಣಿಯಬಲ್ಲಷ್ಟು ಕಾಲದೊಳಗೆ ಇದಕ್ಕೆಂದೇ ಹೊಸ ನೃತ್ಯ ಕಟ್ಟಿಕೊಡುವವರು ಯಾರು? ಬರಿಶ್ನಿಕೋವ್ ತೆಗೆದುಕೊಂಡ ಒಂದೊಂದು ದೊಡ್ಡ ತೀರ್ಮಾನದ ಹಿಂದೆಯೂ ಈ ಪ್ರಶ್ನೆ ಇದೆ.

ಅವರು ಹುಟ್ಟಿದ್ದು 1948ರ ಜನವರಿ 27ರಂದು, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಲಾಟ್ವಿಯಾದ ರಿಗಾ ನಗರದಲ್ಲಿ. ತಂದೆ ತಾಯಿ ಇಬ್ಬರೂ ರಷ್ಯನ್ನರು. ತಂದೆ ಸೇನೆಯ ಅಧಿಕಾರಿ. ಮಗನಿಗೆ ರಂಗಮಂದಿರದ ರುಚಿ ಹತ್ತಿಸಿದವರು ತಾಯಿ. ಅವನು ರಿಗಾದ ಬ್ಯಾಲೆ ಶಾಲೆ ಸೇರಿದ ಆ ದಿನಗಳಲ್ಲೇ, ಹನ್ನೆರಡರ ವಯಸ್ಸಿನಲ್ಲಿ, ತಾಯಿಯನ್ನು ಕಳೆದುಕೊಂಡ. 1964ರಲ್ಲಿ ಲೆನಿನ್‌ಗ್ರಾಡ್‌ಗೆ ಬಂದು ವಾಗನೋವಾ ಶಾಲೆಗೆ ಸೇರಿದ. 1738ರಲ್ಲಿ ಶುರುವಾದ ಈ ಶಾಲೆ ರಷ್ಯನ್ ಬ್ಯಾಲೆಯ ತಾಯಿಬೇರು. ಅಲ್ಲಿ ಅವನಿಗೆ ಸಿಕ್ಕ ಗುರು ಅಲೆಕ್ಸಾಂಡರ್ ಪುಷ್ಕಿನ್. ಕೆಲವೇ ವರ್ಷಗಳ ಹಿಂದೆ ರುಡಾಲ್ಫ್ ನುರೆಯೆವ್ ಅವರನ್ನು ತಿದ್ದಿದ್ದೂ ಇದೇ ಪುಷ್ಕಿನ್. ಇಪ್ಪತ್ತನೇ ಶತಮಾನದ ಇಬ್ಬರು ಮಹಾನರ್ತಕರು ಒಬ್ಬರೇ ಮೇಷ್ಟ್ರ ಕೈಯಲ್ಲಿ ತಯಾರಾದರು ಎಂಬುದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ.

ಇಂಥ ತರಗತಿಯಲ್ಲಿ ನಡೆಯುವುದೇನು? ಗೋಡೆಗುಂಟ ಹಾಕಿದ ಮರದ ಅಡ್ಡಪಟ್ಟಿ ಹಿಡಿದು ಪಾಠ ಶುರು. ಇದಕ್ಕೆ ಬಾರ್ ಎನ್ನುತ್ತಾರೆ. ಮೊದಲು ಮಂಡಿ ಬಗ್ಗಿಸುವ ಪ್ಲಿಯೆ, ಆಮೇಲೆ ಪಾದವನ್ನು ನೆಲಕ್ಕೆ ಉಜ್ಜುತ್ತ ಚಾಚುವುದು, ಕಾಲು ಎತ್ತುವುದು. ಇಷ್ಟೆಲ್ಲವನ್ನೂ ಎರಡೂ ಕಾಲುಗಳನ್ನು ಸೊಂಟದ ಕೀಲಿನಿಂದಲೇ ಹೊರಕ್ಕೆ ತಿರುಗಿಸಿಟ್ಟುಕೊಂಡು ಮಾಡಬೇಕು. ನಂತರ ಅಡ್ಡಪಟ್ಟಿ ಬಿಟ್ಟು ಕೋಣೆಯ ನಡುವೆ ಬಂದು ಸಮತೋಲ, ಸುತ್ತು, ಚಿಕ್ಕ ಜಿಗಿತ. ಕೊನೆಯಲ್ಲಿ ಗಂಡಸರಿಗೆ ದೊಡ್ಡ ಜಿಗಿತಗಳು, ಗಾಳಿಯಲ್ಲೇ ಎರಡು ಪೂರ್ತಿ ಸುತ್ತು ಸುತ್ತಿ ಕಾಲುಗಳನ್ನು ಅಡ್ಡಕ್ಕೆ ಜೋಡಿಸಿ ಇಳಿಯುವ ಟೂರ್. ವಿದ್ಯಾರ್ಥಿಯಾಗಿದ್ದಾಗ ಮಾಡಿದ ಈ ಪಾಠವನ್ನೇ ನರ್ತಕ ತಾರೆಯಾದ ಮೇಲೂ ದಿನಾ ಬೆಳಿಗ್ಗೆ ಮಾಡುತ್ತಾನೆ. ಇದರ ಜೊತೆಗೆ ಗಂಡು ನರ್ತಕನಿಗೆ ಇನ್ನೊಂದು ವಿದ್ಯೆ ಬೇಕು: ಜೋಡಿ ನೃತ್ಯದಲ್ಲಿ ನರ್ತಕಿಯನ್ನು ಎತ್ತುವುದು, ತಿರುಗಿಸುವುದು, ಕಾಲ್ಬೆರಳ ತುದಿಯ ಮೇಲೆ ನಿಂತ ಅವಳ ಭಾರ ಎಲ್ಲಿದೆ ಎಂದು ಅಂಗೈಯಿಂದಲೇ ಅರಿತುಕೊಳ್ಳುವುದು.

ಹಾರಿದ ಮೇಲೆ ನಿಂತಂತೆ ಕಾಣುವುದು ಹೇಗೆ

ಬರಿಶ್ನಿಕೋವ್ ಗಾಳಿಯಲ್ಲಿ ಒಂದು ಕ್ಷಣ ನಿಂತೇಬಿಡುತ್ತಿದ್ದರು ಎಂದು ನೋಡಿದವರೆಲ್ಲ ಹೇಳುತ್ತಾರೆ. ಗುರುತ್ವಾಕರ್ಷಣೆ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಹಾಗಾದರೆ ಕಣ್ಣಿಗೆ ಯಾಕೆ ಹಾಗೆ ಕಾಣುತ್ತದೆ?

ದೇಹದ ಭಾರಕೇಂದ್ರ 60 ಸೆಂಟಿಮೀಟರ್ ಮೇಲೇರಿದರೆ, ಏರಿ ಇಳಿಯುವ ಒಟ್ಟು ಸಮಯ ಸುಮಾರು 0.7 ಸೆಕೆಂಡ್. ಏರುವಾಗ ವೇಗ ಕಡಿಮೆಯಾಗುತ್ತ ಹೋಗಿ ತುದಿಯಲ್ಲಿ ಸೊನ್ನೆಯಾಗುತ್ತದೆ, ಇಳಿಯುವಾಗ ಮತ್ತೆ ಹೆಚ್ಚುತ್ತದೆ. ಹೀಗಾಗಿ ಆ ಸಮಯದಲ್ಲಿ ಶೇ. 70ರಷ್ಟು ಪಾಲು ಎತ್ತರದ ಮೇಲಿನ ಅರ್ಧದಲ್ಲೇ ಕಳೆಯುತ್ತದೆ. ಇಷ್ಟು ಅನುಕೂಲ ಹಾರುವ ಎಲ್ಲರಿಗೂ ಉಂಟು. ಕುಶಲಿ ನರ್ತಕ ಇದರ ಮೇಲೆ ಇನ್ನೊಂದು ಕೆಲಸ ಮಾಡುತ್ತಾನೆ. ಎರಡೂ ಕಾಲು ಹಿಂದೆ ಮುಂದೆ ಚಾಚಿ ಹಾರುವ ಗ್ರಾಂಡ್ ಜೆಟೆಯಲ್ಲಿ ಕಾಲುಗಳನ್ನೂ ತೋಳುಗಳನ್ನೂ ನೆಲ ಬಿಟ್ಟ ತಕ್ಷಣ ಎತ್ತದೆ, ತುದಿ ಹತ್ತಿರವಾದಾಗ ಎತ್ತುತ್ತಾನೆ. ಆಗ ಭಾರಕೇಂದ್ರ ದೇಹದೊಳಗೇ ಮೇಲಕ್ಕೆ ಸರಿಯುತ್ತದೆ. ಭಾರಕೇಂದ್ರ ತನ್ನ ಕಮಾನಿನ ಹಾದಿಯಲ್ಲೇ ಸಾಗಿದರೂ ತಲೆ ಮತ್ತು ಎದೆ ಸ್ವಲ್ಪ ಹೊತ್ತು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತವೆ. ನಾವು ನೋಡುವುದು ತಲೆಯನ್ನು, ಎದೆಯನ್ನು. ಅದಕ್ಕೇ ಅವನು ನಿಂತ ಎನ್ನಿಸುತ್ತದೆ.

ಸುತ್ತಿನ ಲೆಕ್ಕವೂ ಹೀಗೇ. ಒಂಟಿ ಕಾಲಿನ ಮೇಲೆ ಸುತ್ತುವ ಪಿರುಯೆಟ್‌ನಲ್ಲಿ ತೋಳುಗಳನ್ನು ಮೈಗೆ ಹತ್ತಿರ ತಂದಷ್ಟೂ ವೇಗ ಹೆಚ್ಚುತ್ತದೆ. ಪ್ರತಿ ಸುತ್ತಿನಲ್ಲೂ ಕಣ್ಣು ಒಂದೇ ಜಾಗದ ಮೇಲೆ ನೆಟ್ಟಿರಬೇಕು. ಮೈ ತಿರುಗುತ್ತ ಹೋದರೂ ತಲೆ ಹಿಂದೆ ಉಳಿದು, ಇನ್ನು ಸಾಧ್ಯವಿಲ್ಲ ಎಂದಾಗ ಥಟ್ಟನೆ ತಿರುಗಿ ಮತ್ತೆ ಅದೇ ಜಾಗ ಹಿಡಿಯಬೇಕು. ತಲೆಸುತ್ತು ಬಾರದಿರುವುದು ಇದರಿಂದ. 1985ರ 'ವೈಟ್ ನೈಟ್ಸ್' ಸಿನಿಮಾದಲ್ಲಿ ಬರಿಶ್ನಿಕೋವ್ 11 ರೂಬಲ್ ಪಣಕ್ಕೆ ಒಂದೇ ಉಸಿರಿನಲ್ಲಿ 11 ಸುತ್ತು ಸುತ್ತುವ ದೃಶ್ಯವಿದೆ. ಆಗ ಅವರಿಗೆ ಮೂವತ್ತೈದು ದಾಟಿತ್ತು, ಮಂಡಿಗಳು ಆಗಲೇ ಪೆಟ್ಟು ತಿಂದಿದ್ದವು.

ಆದರೆ ನಾನು ಹೆಚ್ಚು ಮೆಚ್ಚುವುದು ಅವರ ಇಳಿತವನ್ನು. ದೊಡ್ಡ ಜಿಗಿತದಿಂದ ಇಳಿಯುವಾಗ ಕಾಲಿನ ಮೇಲೆ ಮೈತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಬೆರಳು, ಪಾದದ ಮುಂಭಾಗ, ಹಿಮ್ಮಡಿ, ಆಮೇಲೆ ಮಂಡಿ, ಈ ಕ್ರಮದಲ್ಲಿ ಆ ಭಾರವನ್ನು ಹಂಚಿಕೊಂಡು ಇಳಿದರೆ ಸದ್ದೇ ಆಗುವುದಿಲ್ಲ. ಬರಿಶ್ನಿಕೋವ್ ಇಳಿದದ್ದು ಗೊತ್ತಾಗುವ ಮೊದಲೇ ಮುಂದಿನ ಹೆಜ್ಜೆ ಶುರುವಾಗಿರುತ್ತಿತ್ತು. ಹಾರುವ ಮೊದಲು ಓಡಿ ಬಂದು ಸಜ್ಜಾಗುವುದು ಎಲ್ಲರಲ್ಲೂ ಕಾಣುತ್ತದೆ. ಅವರಲ್ಲಿ ಅದು ನೃತ್ಯದೊಳಗೇ ಕರಗಿಹೋಗಿರುತ್ತಿತ್ತು.

ಕುಳ್ಳಗಿನ ರಾಜಕುಮಾರ

ಇಷ್ಟೆಲ್ಲ ಇದ್ದವನಿಗೆ ಲೆನಿನ್‌ಗ್ರಾಡ್‌ನ ಕಿರೋವ್ ಬ್ಯಾಲೆ ಕಂಪನಿಯಲ್ಲಿ ಏನು ಕೊರತೆ? ಎತ್ತರದ ಕೊರತೆ. ಅವರದು ಐದಡಿ ಆರಿಂಚಿನ ಆಸುಪಾಸು. ಬೆರಳ ತುದಿಯ ಮೇಲೆ ಏರಿದ ನಾಯಕಿ ಪಕ್ಕದಲ್ಲಿ ನಿಂತರೆ ಅವರಿಗಿಂತ ಎತ್ತರ ಕಾಣುತ್ತಿದ್ದಳು. ಮುಖವೂ ಹುಡುಗನ ಮುಖ.

ಹಳೆಯ ಬ್ಯಾಲೆ ಕಂಪನಿಗಳಲ್ಲಿ ನರ್ತಕರನ್ನು ಮೈಕಟ್ಟಿನ ಪ್ರಕಾರ ವಿಂಗಡಿಸುವ ಪದ್ಧತಿ ಗಟ್ಟಿಯಾಗಿತ್ತು. ನಮ್ಮವರಿಗೆ ಇದು ಹೊಸದೇನಲ್ಲ. ಯಕ್ಷಗಾನದಲ್ಲಿ ಅಭಿಮನ್ಯು, ಬಬ್ರುವಾಹನನಂಥ ಪುಂಡುವೇಷಕ್ಕೆ ಚುರುಕು ಮೈಯವರು ಬೇಕು. ಧಿಗಿಣ ಹಾಕಿ ಚಪ್ಪಾಳೆ ಗಿಟ್ಟಿಸುವವರು ಅವರೇ. ಕಿರೀಟ ಹೊತ್ತು ಗಾಂಭೀರ್ಯದಿಂದ ನಿಲ್ಲುವ ರಾಜವೇಷಕ್ಕೆ ಬೇರೆಯೇ ಆಳ್ತನ ಬೇಕು. ಬ್ಯಾಲೆಯಲ್ಲೂ 'ಸ್ವಾನ್ ಲೇಕ್', 'ಸ್ಲೀಪಿಂಗ್ ಬ್ಯೂಟಿ'ಗಳ ರಾಜಕುಮಾರ ಒಂದು ವರ್ಗ, 'ಡಾನ್ ಕಿಹೋತೆ'ಯ ತುಂಟ ಕ್ಷೌರಿಕ ಬಸಿಲಿಯೊ ಇನ್ನೊಂದು ವರ್ಗ. ಕಿರೋವ್ ಬರಿಶ್ನಿಕೋವ್ ಅವರನ್ನು ಎರಡನೆಯ ಸಾಲಿಗೆ ಸೇರಿಸಿತು.

ಹಾಗೆಂದು ಅವರನ್ನು ಮೂಲೆಗೆ ತಳ್ಳಿದ್ದರು ಎಂದಲ್ಲ. 1966ರಲ್ಲಿ ಬಲ್ಗೇರಿಯಾದ ವಾರ್ನಾ ಸ್ಪರ್ಧೆಯಲ್ಲಿ ಚಿನ್ನ, 1969ರಲ್ಲಿ ಮಾಸ್ಕೋ ಸ್ಪರ್ಧೆಯಲ್ಲಿ ಚಿನ್ನ. ಕಂಪನಿಗೆ ಸೇರುವ ಹೊಸಬರು ಗುಂಪು ನೃತ್ಯದ ಸಾಲಿನಲ್ಲಿ ವರ್ಷಗಟ್ಟಲೆ ನಿಂತು, ಚಿಕ್ಕ ಏಕವ್ಯಕ್ತಿ ಭಾಗಗಳನ್ನು ದಾಟಿ, ಅದೃಷ್ಟವಿದ್ದರೆ ಪ್ರಧಾನ ನರ್ತಕರಾಗುತ್ತಾರೆ. 1967ರಲ್ಲಿ ಅವರು ಗುಂಪಿನ ಮೆಟ್ಟಿಲನ್ನೇ ಬಿಟ್ಟು ನೇರವಾಗಿ ಸೋಲೊಯಿಸ್ಟ್ ಆಗಿ ಸೇರಿದರು. ನೃತ್ಯ ಸಂಯೋಜಕ ಲಿಯೊನಿದ್ ಯಾಕೊಬ್ಸನ್ ಅವರು ಬರಿಶ್ನಿಕೋವ್‌ಗೆಂದೇ 'ವೆಸ್ತ್ರಿಸ್' ಎಂಬ ಏಕವ್ಯಕ್ತಿ ನೃತ್ಯ ಕಟ್ಟಿಕೊಟ್ಟರು. ಹದಿನೆಂಟನೇ ಶತಮಾನದ ಪ್ಯಾರಿಸ್‌ನ ಮಹಾನರ್ತಕನ ಕುರಿತ ಆ ಕೃತಿಯಲ್ಲಿ ಒಬ್ಬನೇ ನರ್ತಕ ಕೆಲವೇ ನಿಮಿಷಗಳಲ್ಲಿ ಹಲವು ವ್ಯಕ್ತಿಗಳಾಗಿ ಬದಲಾಗುತ್ತಾನೆ. 1971ರಲ್ಲಿ 'ಕ್ರಿಯೇಷನ್ ಆಫ್ ದ ವರ್ಲ್ಡ್' ಬ್ಯಾಲೆಯ ಆದಮನ ಪಾತ್ರ ಬಂತು. 'ಜಿಸೆಲ್'ನ ಆಲ್ಬ್ರೆಕ್ಟ್ ಪಾತ್ರವೂ ಕೊನೆಗೆ ಕೈಗೆ ಬಂತು.

ಆದರೂ ಇಪ್ಪತ್ತೈದು ದಾಟುತ್ತಿದ್ದಂತೆ ಲೆಕ್ಕ ಸ್ಪಷ್ಟವಾಗುತ್ತಿತ್ತು. 1970ರಲ್ಲಿ ಗುರು ಪುಷ್ಕಿನ್ ತೀರಿಕೊಂಡಿದ್ದರು. ಅದೇ ವರ್ಷ ಕಿರೋವ್‌ನ ನರ್ತಕಿ ನತಾಲಿಯಾ ಮಕರೋವಾ ದೇಶಕ್ಕೆ ಮರಳದೆ ಲಂಡನ್ನಿನಲ್ಲಿ ಉಳಿದುಬಿಟ್ಟರು. 1961ರಲ್ಲಿ ಪ್ಯಾರಿಸ್‌ನಲ್ಲಿ ನುರೆಯೆವ್ ಮಾಡಿದಂತೆಯೇ. ಇದರಿಂದ ಕಿರೋವ್ ಕಲಾವಿದರ ಮೇಲಿನ ಕಾವಲು ಇನ್ನೂ ಬಿಗಿಯಾಯಿತು. ಯಾಕೊಬ್ಸನ್ ಅವರಂಥ ಸ್ವತಂತ್ರ ಮನಸ್ಸಿನ ಸಂಯೋಜಕರು ಅಧಿಕಾರಿಗಳ ಜೊತೆ ಗುದ್ದಾಡಿಕೊಂಡೇ ಕೆಲಸ ಮಾಡಬೇಕಿತ್ತು. ಪಶ್ಚಿಮದ ಸಂಯೋಜಕರ ಜೊತೆ ಕೆಲಸ ಮಾಡುವ ದಾರಿ ಮುಚ್ಚಿತ್ತು. ದೇಹ ತನ್ನ ತುದಿ ಮುಟ್ಟಿರುವಾಗ ಅದಕ್ಕೆ ಸಿಗುತ್ತಿದ್ದದ್ದು ಮುಖ್ಯವಾಗಿ ಹಿಂದಿನ ಶತಮಾನದ ಪಾತ್ರಗಳು, ಅವೂ ಅರ್ಧದಷ್ಟು.

1974ರ ಜೂನ್ 29. ಮಾಸ್ಕೋದ ಬಾಲ್ಶೊಯ್ ಬ್ಯಾಲೆ ತಂಡದ ಪ್ರವಾಸದಲ್ಲಿ ಅತಿಥಿಯಾಗಿ ಕೆನಡಾಕ್ಕೆ ಬಂದಿದ್ದ ಬರಿಶ್ನಿಕೋವ್, ಟೊರೊಂಟೊದಲ್ಲಿ ಪ್ರದರ್ಶನ ಮುಗಿಸಿ ಹೊರಬಂದರು. ತಂಡದ ಬಸ್ಸಿನ ಕಡೆ ಹೋಗುವ ಬದಲು ಅಭಿಮಾನಿಗಳ ಗುಂಪಿನ ನಡುವೆ ನುಗ್ಗಿ ಓಡಿದರು. ದೂರದಲ್ಲಿ ಕಾರು ಕಾಯುತ್ತಿತ್ತು. ತಾನು ದೇಶ ಬಿಟ್ಟದ್ದು ರಾಜಕೀಯಕ್ಕಾಗಿ ಅಲ್ಲ, ಕಲೆಗಾಗಿ ಎಂದು ಅವರು ಆಮೇಲೆ ಹೇಳುತ್ತಲೇ ಬಂದರು. ಕೆಲವರಿಗೆ ಇದು ಜಾಣತನದ ಉತ್ತರ ಎನ್ನಿಸಿದ್ದುಂಟು. ಮುಂದಿನ ವರ್ಷಗಳಲ್ಲಿ ಅವರು ಮಾಡಿದ ಕೆಲಸಗಳನ್ನು ನೋಡಿದರೆ ಆ ಮಾತನ್ನು ನಂಬದಿರಲು ಕಾರಣವೇ ಇಲ್ಲ.

ಹಸಿದವರ ಹಾಗೆ ಕಲಿತ ವರ್ಷಗಳು

ಓಡಿಬಂದು ಒಂದು ತಿಂಗಳೂ ಕಳೆದಿರಲಿಲ್ಲ. ಜುಲೈ 27ರಂದು ನ್ಯೂಯಾರ್ಕ್‌ನಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರ್ ಕಂಪನಿಯ 'ಜಿಸೆಲ್' ಪ್ರದರ್ಶನ. ನಾಯಕಿ ಮಕರೋವಾ, ಆಲ್ಬ್ರೆಕ್ಟ್ ಬರಿಶ್ನಿಕೋವ್. ಕಥೆಯಲ್ಲಿ ಆಲ್ಬ್ರೆಕ್ಟ್ ಹಳ್ಳಿಯ ಹುಡುಗಿಯನ್ನು ವಂಚಿಸಿದ ಶ್ರೀಮಂತ. ಅವಳು ಸತ್ತ ಮೇಲೆ ಸಮಾಧಿಯ ಬಳಿ ಬಂದವನನ್ನು ಹೆಣ್ಣುದೆವ್ವಗಳು ಸುತ್ತುವರಿದು, ಪ್ರಾಣ ಹೋಗುವವರೆಗೆ ಕುಣಿ ಎಂದು ಆಜ್ಞೆ ಮಾಡುತ್ತವೆ. ಇಲ್ಲಿ ಜಿಗಿತ ಶಕ್ತಿಪ್ರದರ್ಶನವಾದರೆ ಪಾತ್ರ ಕೆಡುತ್ತದೆ. ದಣಿವು, ಪಶ್ಚಾತ್ತಾಪ, ಬದುಕುವ ಆಸೆ, ಎಲ್ಲವೂ ಅದೇ ಕಷ್ಟದ ಹೆಜ್ಜೆಗಳಲ್ಲೇ ಕಾಣಬೇಕು, ಹೆಜ್ಜೆ ಮಾತ್ರ ಒಂದಿಷ್ಟೂ ಹದ ತಪ್ಪಬಾರದು. ಆ ಒಂದು ಸಂಜೆಗೆ ಅಮೆರಿಕ ಅವರದಾಯಿತು.

ಇಷ್ಟಕ್ಕೇ ನಿಂತಿದ್ದರೂ ಸುಖವಾಗಿರಬಹುದಿತ್ತು. ಟಿಕೆಟ್‌ಗಳು ಬಿಕರಿಯಾಗುತ್ತಿದ್ದವು, ರಾಜಕುಮಾರನ ಪಾತ್ರಗಳಿಗೆ ಅಡ್ಡಿ ಮಾಡುವವರಿರಲಿಲ್ಲ. ಅವರು ಬೇರೆ ಬೇರೆ ಸಂಯೋಜಕರ ಬಾಗಿಲು ತಟ್ಟಿದರು. 1976 ಒಂದೇ ವರ್ಷವನ್ನು ನೋಡಿ. ಜೆರೋಮ್ ರಾಬಿನ್ಸ್ ಶೋಪ್ಯಾನ್ ಸಂಗೀತಕ್ಕೆ ಅವರಿಗೂ ಮಕರೋವಾಗೂ 'ಅದರ್ ಡಾನ್ಸಸ್' ಕಟ್ಟಿದರು. ಆಲ್ವಿನ್ ಏಯ್ಲಿ ಬರಿಶ್ನಿಕೋವ್ ಅವರನ್ನು ನರ್ತಕಿ ಜುಡಿತ್ ಜಾಮಿಸನ್ ಜೊತೆ ನಿಲ್ಲಿಸಿ, ಡ್ಯೂಕ್ ಎಲಿಂಗ್ಟನ್ ಜಾಝ್‌ಗೆ 'ಪಾ ದ ಡ್ಯೂಕ್' ಮಾಡಿದರು. ವರ್ಷದ ಕೊನೆಗೆ ಸ್ವತಃ ಬರಿಶ್ನಿಕೋವ್ ತಮ್ಮದೇ 'ನಟ್‌ಕ್ರ್ಯಾಕರ್' ರಂಗಕ್ಕೆ ತಂದರು.

ಆದರೆ ಆ ವರ್ಷದ ಅತಿ ದೊಡ್ಡ ಘಟನೆ ಜನವರಿಯಲ್ಲೇ ಆಗಿತ್ತು: ಅಮೆರಿಕದ ಸಂಯೋಜಕಿ ಟ್ವೈಲಾ ಥಾರ್ಪ್ ಅವರ 'ಪುಶ್ ಕಮ್ಸ್ ಟು ಶವ್'. ಬ್ಯಾಲೆಯಲ್ಲಿ ಬೆನ್ನು ನೆಟ್ಟಗಿರಬೇಕು, ಹೆಜ್ಜೆಗೆ ಶುರು ಮತ್ತು ಮುಕ್ತಾಯ ಸ್ಪಷ್ಟವಿರಬೇಕು. ಥಾರ್ಪ್ ಈ ಎರಡನ್ನೂ ಸಡಿಲಿಸಿದರು. ಒಂದು ಕಡೆ ರ‍್ಯಾಗ್‌ಟೈಮ್, ಇನ್ನೊಂದು ಕಡೆ ಹೇಡನ್ನನ ಸಿಂಫನಿ. ನರ್ತಕ ತಲೆಗೊಂದು ಗುಂಡು ಟೋಪಿ ಇಟ್ಟುಕೊಂಡು ಭುಜ ಇಳಿಬಿಟ್ಟು ಅಡ್ಡಾಡುತ್ತಾನೆ, ಕೂದಲು ಸವರಿಕೊಳ್ಳುತ್ತಾನೆ, ಯಾವ ಸೂಚನೆಯೂ ಇಲ್ಲದೆ ಸುತ್ತಿಗೆ ಹೋಗಿ, ಸುತ್ತಿನ ನಡುವೆಯೇ ಇನ್ನೆಲ್ಲೋ ಜಾರುತ್ತಾನೆ. ಹತ್ತು ವರ್ಷ ಕಲಿತದ್ದನ್ನು ಸ್ನಾಯುಗಳು ಮರೆಯಲು ಒಪ್ಪುವುದಿಲ್ಲ. ವಾಗನೋವಾ ಪಾಠದಲ್ಲಿ ಪಳಗಿದ ದೇಹಕ್ಕೆ ತೂಕ ತಪ್ಪಿಸಿಕೊಳ್ಳುವುದನ್ನು ಕಲಿಸುವುದೆಂದರೆ ಮತ್ತೆ ಒಂದನೇ ತರಗತಿಗೆ ಕೂರಿಸಿದಂತೆ. ಲೋಕದ ಅತ್ಯುತ್ತಮ ನರ್ತಕ ಎನ್ನಿಸಿಕೊಂಡಿದ್ದಾಗ ಅವರು ಇದಕ್ಕೆ ಮನಸ್ಸು ಮಾಡಿದರು. ಅವರ ಧೈರ್ಯದ ಮಾತು ಬಂದಾಗ ನನಗೆ ಟೊರೊಂಟೊದ ಓಟಕ್ಕಿಂತ ಮೊದಲು ನೆನಪಾಗುವುದು ಇದು.

1978ರಲ್ಲಿ ಇನ್ನೂ ವಿಚಿತ್ರ ಎನ್ನಿಸುವ ಹೆಜ್ಜೆ ಇಟ್ಟರು. ಸಿನಿಮಾವೊಂದಕ್ಕೆ ಆಸ್ಕರ್ ನಾಮನಿರ್ದೇಶನ ಬಂದಿತ್ತು, ಹೆಸರು ಹಣ ಎರಡೂ ತುಂಬಿ ಬರುತ್ತಿದ್ದವು. ಎಲ್ಲ ಬಿಟ್ಟು ನ್ಯೂಯಾರ್ಕ್ ಸಿಟಿ ಬ್ಯಾಲೆ ಸೇರಿದರು. ಅಲ್ಲಿ ತಾರೆಗಳೆಂಬ ಮಾತಿಲ್ಲ. ಹೆಸರುಗಳು ಅಕ್ಷರಾನುಕ್ರಮದಲ್ಲಿ, ಸಂಬಳವೂ ಬಹಳ ಕಡಿಮೆ. ಆದರೆ ಅಲ್ಲಿ ಜಾರ್ಜ್ ಬಾಲಂಚೀನ್ ಇದ್ದರು. 1904ರಲ್ಲಿ ಹುಟ್ಟಿ, ಬರಿಶ್ನಿಕೋವ್ ಕಲಿತ ಅದೇ ಪೀಟರ್ಸ್‌ಬರ್ಗ್ (ಮುಂದೆ ಲೆನಿನ್‌ಗ್ರಾಡ್) ಶಾಲೆಯಲ್ಲಿ ಕಲಿತು, 1924ರಲ್ಲಿ ದೇಶ ಬಿಟ್ಟು, ಅಮೆರಿಕನ್ ಬ್ಯಾಲೆಯನ್ನೇ ಕಟ್ಟಿದ ಮಹಾ ಸಂಯೋಜಕ. ಅವರ ಕೈಯಿಂದ ತನಗೊಂದು ಹೊಸ ಕೃತಿ ಸಿಗಲಿ ಎಂಬುದೇ ಆಸೆ.

ಅದು ಕೈಗೂಡಲಿಲ್ಲ. ಬಾಲಂಚೀನ್ ಅವರ ಆರೋಗ್ಯ ಕೆಟ್ಟಿತ್ತು, 1983ರಲ್ಲಿ ತೀರಿಕೊಂಡರು. ಬರಿಶ್ನಿಕೋವ್ ಅಲ್ಲಿದ್ದ ಸುಮಾರು ಹದಿನೈದು ತಿಂಗಳಲ್ಲಿ 20ಕ್ಕೂ ಹೆಚ್ಚು ಪಾತ್ರ ಕಲಿತರು. ಹುಡುಗಾಟಿಕೆಯಿಂದ ಹೊಸ ಪಾತ್ರ ಗುಡ್ಡೆ ಹಾಕಿಕೊಂಡರು ಎಂದು ಕೆಲವರು ಅಂದದ್ದುಂಟು. ಅವರು ಕುಣಿದ 'ಪ್ರಾಡಿಗಲ್ ಸನ್' ನೋಡಿದವರು ಹಾಗೆ ಹೇಳಲಾರರು. ಬೈಬಲ್ಲಿನ ದಾರಿತಪ್ಪಿದ ಮಗ ಎಲ್ಲ ಕಳೆದುಕೊಂಡು ಮಂಡಿಯೂರಿ ತೆವಳುತ್ತ ತಂದೆಯ ಬಳಿಗೆ ಬರುವ ಕೊನೆಯ ಭಾಗದಲ್ಲಿ ಒಂದು ಜಿಗಿತವೂ ಇಲ್ಲ. ಕುಳ್ಳಗಿನ ಮೈ ಅಲ್ಲಿ ಕೊರತೆಯಾಗಿ ಕಾಣುವುದಿಲ್ಲ. ಮಗನನ್ನು ಮರುಳುಮಾಡುವ ಎತ್ತರದ ಹೆಣ್ಣಿನೆದುರು ಅದೇ ಪಾತ್ರದ ಬಲವಾಗುತ್ತದೆ. ರಾಬಿನ್ಸ್ ಕೂಡ 1979ರಲ್ಲಿ ಅವರಿಗಾಗಿ 'ಓಪಸ್ 19' ಕಟ್ಟಿದರು. ಮರುವರ್ಷ ಲಂಡನ್ನಿನಲ್ಲಿ ಫ್ರೆಡರಿಕ್ ಆಶ್ಟನ್ 'ರಾಪ್ಸೊಡಿ' ಮಾಡಿಕೊಟ್ಟರು.

ಇಲ್ಲಿ ನುರೆಯೆವ್ ಅವರನ್ನು ನೆನೆಯದೆ ಮುಂದೆ ಹೋಗಲಾಗದು. ಬ್ಯಾಲೆಯಲ್ಲಿ ಗಂಡು ನರ್ತಕ ನಾಯಕಿಯನ್ನು ಎತ್ತಿ ಹಿಡಿಯುವ ಕಂಬವಾಗಿದ್ದ ಕಾಲದಲ್ಲಿ, ಅವನನ್ನು ರಂಗದ ನಡುವೆ ತಂದು ನಿಲ್ಲಿಸಿದ್ದರಲ್ಲಿ ನುರೆಯೆವ್ ಪಾತ್ರ ದೊಡ್ಡದು. ಹಳೆಯ ಬ್ಯಾಲೆಗಳನ್ನು ತಾವೇ ತಿದ್ದಿ ರಾಜಕುಮಾರನಿಗೆ ಹೊಸ ಏಕವ್ಯಕ್ತಿ ನೃತ್ಯ ಸೇರಿಸಿದರು. ಆದರೆ ಅವರು ಆ ರಾಜಕುಮಾರನನ್ನು ಬಿಡಲಿಲ್ಲ. ನಲವತ್ತು ದಾಟಿ, ಮೈ ಒಪ್ಪದ ಮೇಲೂ ಅವೇ ಪಾತ್ರಗಳನ್ನು ಕುಣಿದರು. 1993ರಲ್ಲಿ, 54ರ ವಯಸ್ಸಿಗೆ ತೀರಿಕೊಂಡರು. ಅದರಲ್ಲೂ ಒಂದು ಘನತೆ ಇದೆ, ಅದನ್ನು ಕಡಿಮೆ ಮಾಡಲು ನನಗೆ ಮನಸ್ಸಿಲ್ಲ. ಬರಿಶ್ನಿಕೋವ್ ಹಿಡಿದ ದಾರಿ ಬೇರೆ.

ಜಿಗಿತ ಮುಗಿದ ಮೇಲೆ

1980ರಿಂದ 1989ರವರೆಗೆ ಅವರು ಅಮೆರಿಕನ್ ಬ್ಯಾಲೆ ಥಿಯೇಟರ್‌ನ ಕಲಾ ನಿರ್ದೇಶಕರು. ಹೊರಗಿನ ತಾರೆಗಳನ್ನು ಕರೆಸಿ ಟಿಕೆಟ್ ಮಾರುವ ಅಭ್ಯಾಸಕ್ಕೆ ಕಡಿವಾಣ ಹಾಕಿ, ಕಂಪನಿಯ ಗುಂಪು ನರ್ತಕರನ್ನೇ ಬೆಳೆಸಿ ಪ್ರಧಾನ ಪಾತ್ರಕ್ಕೆ ತಂದರು. ತಾವೇ ತಾರೆಯಾಗಿದ್ದವರು ಹೀಗೆ ಮಾಡಿದ್ದು ಹಲವರಿಗೆ ಹಿಡಿಸಲಿಲ್ಲ. ಈ ಅವಧಿಯಲ್ಲೇ, 1986ರಲ್ಲಿ, ಅಮೆರಿಕದ ಪೌರರಾದರು. ಮಂಡಿಗೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಆಗುತ್ತಿತ್ತು.

1990ರಲ್ಲಿ ಸಂಯೋಜಕ ಮಾರ್ಕ್ ಮಾರಿಸ್ ಜೊತೆಗೂಡಿ ವೈಟ್ ಓಕ್ ಡಾನ್ಸ್ ಪ್ರಾಜೆಕ್ಟ್ ಎಂಬ ಚಿಕ್ಕ ತಂಡ ಕಟ್ಟಿದರು. ಆಧುನಿಕ ನೃತ್ಯದ ತಂಡ ಅದು, ರಾಜಕುಮಾರರಿಲ್ಲ, ಹಂಸಗಳಿಲ್ಲ. ಆಧುನಿಕ ನೃತ್ಯದಲ್ಲಿ ಮೈಯ ಭಾರವನ್ನು ಮುಚ್ಚಿಡಬೇಕಿಲ್ಲ, ನೆಲಕ್ಕೆ ಬೀಳಬಹುದು, ನಿಂತಲ್ಲೇ ತಿರುಗಿ ನೋಡಿದರೂ ಅದು ನೃತ್ಯವೇ. ನಲವತ್ತು ದಾಟಿದ ದೇಹಕ್ಕೆ ಇಲ್ಲಿ ಸೋಲಿನ ಭಾವ ಇಲ್ಲ. ಅನುಭವ ಇದ್ದಷ್ಟೂ ಒಳ್ಳೆಯದು. 1998ರಲ್ಲಿ ಎದೆಗೆ ಉಪಕರಣ ಕಟ್ಟಿಕೊಂಡು, ಧ್ವನಿವರ್ಧಕದಲ್ಲಿ ಕೇಳುವ ತನ್ನದೇ ಹೃದಯದ ಬಡಿತಕ್ಕೆ ಕುಣಿದರು. 2000ದಲ್ಲಿ, 1960ರ ದಶಕದ ನ್ಯೂಯಾರ್ಕ್ ಪ್ರಯೋಗಶೀಲರ ಕೃತಿಗಳನ್ನು ಮತ್ತೆ ರಂಗಕ್ಕೆ ತಂದರು. ನಡೆಯುವುದು, ಕೂರುವುದು, ವಸ್ತು ಎತ್ತಿಡುವುದು ಇವೇ ಅಲ್ಲಿ ಹೆಜ್ಜೆಗಳು. ತಂಡ 2002ರವರೆಗೆ ನಡೆಯಿತು. 2005ರಲ್ಲಿ ಮ್ಯಾನ್‌ಹಟನ್‌ನ ಪಶ್ಚಿಮ 37ನೇ ಬೀದಿಯಲ್ಲಿ ಬರಿಶ್ನಿಕೋವ್ ಕಲಾಕೇಂದ್ರ ತೆರೆಯಿತು. ತಾಲೀಮಿಗೆ ಜಾಗ, ಪ್ರದರ್ಶನಕ್ಕೆ ರಂಗ, ಹೊಸಬರಿಗೆ ಏನಾದರೂ ಕಟ್ಟಲು ಸಮಯ. ಸಂಯೋಜಕರನ್ನು ಹುಡುಕಿಕೊಂಡು ದೇಶ ದಾಟಿದ ನರ್ತಕ ಈಗ ಅವರಿಗೆ ಸೂರು ಒದಗಿಸುತ್ತಿದ್ದರು.

ರಷ್ಯಾಕ್ಕೆ ಅವರು ಮರಳಲಿಲ್ಲ. ರಿಗಾಗೆ ಮಾತ್ರ ಹೋದರು. ಆರಂಭದಲ್ಲಿ ಹೇಳಿದ 2015ರ ಪ್ರಯೋಗ ಅಲ್ಲಿಯದೇ: ಗೆಳೆಯ, ಕವಿ ಯೋಸಿಫ್ ಬ್ರಾಡ್ಸ್ಕಿಯ ಕವಿತೆಗಳನ್ನು ಆಲ್ವಿಸ್ ಹೆರ್ಮಾನಿಸ್ ನಿರ್ದೇಶನದಲ್ಲಿ ರಷ್ಯನ್ ಭಾಷೆಯಲ್ಲೇ ಓದುತ್ತ, ಮೈಯಿಂದಲೂ ನುಡಿಸುತ್ತ ಸಾಗುವ ಏಕವ್ಯಕ್ತಿ ಪ್ರಯೋಗ. ಬ್ರಾಡ್ಸ್ಕಿಯನ್ನೂ ಸೋವಿಯತ್ ದೇಶ 1972ರಲ್ಲಿ ಹೊರಹಾಕಿತ್ತು. 2017ರಲ್ಲಿ ಲಾಟ್ವಿಯಾ ಬರಿಶ್ನಿಕೋವ್‌ಗೆ ಪೌರತ್ವ ಕೊಟ್ಟಿತು. 2022ರಲ್ಲಿ ಉಕ್ರೇನ್ ಮೇಲೆ ಯುದ್ಧ ಶುರುವಾದಾಗ, ಅಲ್ಲಿನ ನಿರಾಶ್ರಿತರಿಗೆ ನೆರವಾಗಲು 'ಟ್ರೂ ರಷ್ಯಾ' ಸಂಸ್ಥೆ ಹುಟ್ಟುಹಾಕಿದವರಲ್ಲಿ ಅವರೂ ಒಬ್ಬರು.

ಅವರನ್ನು ನೋಡಬೇಕೆನ್ನಿಸಿದವರಿಗೆ ಒಳ್ಳೆಯ ದಾಖಲೆಗಳಿವೆ. ಮೊದಲಿಗೆ ಗೆಲ್ಸಿ ಕಿರ್ಕ್‌ಲ್ಯಾಂಡ್ ಜೊತೆಗಿನ 1977ರ 'ನಟ್‌ಕ್ರ್ಯಾಕರ್' ನೋಡಿ. ಎತ್ತರಕ್ಕಿಂತ ಇಳಿತದ ಕಡೆ ಕಣ್ಣಿಡಿ. ಅದೇ ವರ್ಷ ಮಕರೋವಾ ಜೊತೆ ಟಿ.ವಿ.ಯಲ್ಲಿ ನೇರಪ್ರಸಾರವಾದ 'ಜಿಸೆಲ್' ಎರಡನೆಯದು. ಸಿಂಥಿಯಾ ಹಾರ್ವಿ ಜೊತೆಗಿನ 1983ರ 'ಡಾನ್ ಕಿಹೋತೆ'ಯಲ್ಲಿ ಅವರ ತುಂಟತನ ಪೂರ್ತಿ ಇದೆ. 'ಪ್ರಾಡಿಗಲ್ ಸನ್' ಅನ್ನು 1978ರಲ್ಲಿ ಟಿ.ವಿ.ಗಾಗಿ ಚಿತ್ರೀಕರಿಸಿದ್ದಾರೆ. 1984ರ 'ಬರಿಶ್ನಿಕೋವ್ ಬೈ ಥಾರ್ಪ್' ಕಾರ್ಯಕ್ರಮವನ್ನು ಕೊನೆಗಿಟ್ಟುಕೊಳ್ಳಿ. ಮೊದಲ ಮೂರನ್ನು ನೋಡಿದ ಮೇಲೆ ಅದನ್ನು ನೋಡಿದರೆ, ಅವರು ಯಾವ ಯಾವ ಅಭ್ಯಾಸಗಳನ್ನು ಕೈಬಿಡಬೇಕಾಯಿತು ಎಂಬುದು ಹೆಜ್ಜೆ ಹೆಜ್ಜೆಗೂ ಗೊತ್ತಾಗುತ್ತದೆ.